ಖಾಲಿ ಬಟ್ಟಲಿನ ಊಟ

ನನ್ನ ತಂಗಿ ಗ್ವಾತ್ ಸಿಮ್ ಸಾಯುವ ಮುಂಚೆ ಎಂಬತ್ತೆರಡು ದಿನ ಬಾಯಿಂದ ಒಂದು ಅಗುಳೂ ತಿಂದಿರಲಿಲ್ಲ. ಆ ಎಂಬತ್ತೆರಡು ದಿನದಲ್ಲಿ ಅವಳ ಮಗಳು ಫೋನಿನಲ್ಲಿ "ಊಟ ಆಯ್ತಾ ಅಮ್ಮ?" ಎಂದು ಕೇಳಿದಾಗಲೆಲ್ಲ ಇವಳು "ಆಯ್ತು, ಹೊಟ್ಟೆ ತುಂಬಾ ಆಯ್ತು" ಎಂದಳು. ಪಕ್ಕದಲ್ಲೇ ಕೂತು ಕೇಳಿಸಿಕೊಂಡವಳು ನಾನು. ಬಾಯಿಬಡುಕಿ ಎಂದು ಇಡೀ ಜಾರ್ಜ್‌ಟೌನಿನಲ್ಲಿ ಹೆಸರು ತೆಗೆದುಕೊಂಡವಳು, ಬಾಯಿ ಬಿಡಬೇಕಾದ ಹೊತ್ತಿನಲ್ಲಿ ತೆಪ್ಪಗಿದ್ದೆ.

ನಾವಿಬ್ಬರೂ ಮೂವತ್ತೊಂದು ವರ್ಷ ಒಂದೇ ಒಲೆಯ ಮುಂದೆ ನಿಂತವರು. ಮೂಲೆಯ ಕಾಫಿ ಅಂಗಡಿಯ ಮುಂಭಾಗದಲ್ಲಿ ನಮ್ಮ ಗಾಡಿ. ಅಗಲ ಅಕ್ಕಿ ಶಾವಿಗೆ, ಬಾತುಕೋಳಿಯ ತಿಳಿಸಾರು, ಮೀನುಂಡೆ, ಅಷ್ಟೇ. ಇನ್ನೇನಾದರೂ ಬೇಕೆಂದರೆ ಬೇರೆ ಅಂಗಡಿ ನೋಡಿಕೊಳ್ಳಿ ಎನ್ನುತ್ತಿದ್ದೆ. ಸಾರು ಅವಳದು, ಕತ್ತರಿಸುವುದು, ಬಡಿಸುವುದು, ಗಿರಾಕಿಗಳನ್ನು ಗದರಿಸುವುದು ನನ್ನದು. ಅವಳ ಗಂಡ ಹಡಗುಕಟ್ಟೆಯ ದೋಣಿಯಲ್ಲಿ ಕೆಲಸಕ್ಕಿದ್ದವನು, ಮಗು ಯೀ ಲೆಂಗ್‌ಗೆ ಒಂಬತ್ತು ವರ್ಷವಿದ್ದಾಗ ತೀರಿಕೊಂಡ. ನನಗೆ ಮದುವೆಯಾಗಲಿಲ್ಲ. "ಅಕ್ಕನ ಬಾಯಿಗೆ ಹೆದರಿ ಗಂಡುಗಳೆಲ್ಲ ದ್ವೀಪ ಬಿಟ್ಟು ಸೇತುವೆ ದಾಟಿ ಓಡಿಹೋದರು" ಎನ್ನುತ್ತಾನೆ ಬೂನ್ ಕೀಟ್. ಅದೇ ಅಂಗಡಿಯಲ್ಲಿ ಕಾಫಿ ಸೋಸುವವನು ಅವನು. ಅವನ ಬಾಯೇನು ಕಡಿಮೆಯೇ? ಇರಲಿ. ಒಂದು ಮಗುವನ್ನು ನಾವಿಬ್ಬರೂ ಸೇರಿ ಬೆಳೆಸಿದೆವು. ಹೆತ್ತವಳು ಅಮ್ಮ, ನಾನು ದೊಡ್ಡಮ್ಮ.

ಯೀ ಲೆಂಗ್ ಓದಲು ತೈವಾನಿನ ತೈನಾನ್ ಊರಿಗೆ ಹೊರಟಾಗ ಬೇರೆ ತಾಯಂದಿರಾಗಿದ್ದರೆ ಚೆನ್ನಾಗಿ ಓದು, ಹುಡುಗರ ಸಹವಾಸ ಬೇಡ, ಸ್ವೆಟರ್ ಹಾಕಿಕೋ ಎನ್ನುತ್ತಿದ್ದರು. ನನ್ನ ತಂಗಿ ಹೇಳಿದ್ದೇ ಬೇರೆ.

"ನೋಡು, ನಾನಂತೂ ಈ ಸಾರಿನ ಪಾತ್ರೆ ಬಿಟ್ಟು ಎಲ್ಲಿಗೂ ಹೋದವಳಲ್ಲ. ನೀನು ಹೋದ ಕಡೆಯೆಲ್ಲ ನೋಡು, ಸಿಕ್ಕಿದ್ದನ್ನೆಲ್ಲ ತಿನ್ನು. ಆಮೇಲೆ ನಂಗೆ ಹೇಳು. ಫೋಟೋ ಕಳಿಸಿ ಕೈ ತೊಳ್ಕೋಬೇಡ. ಬಾಯಿಬಿಟ್ಟು ಹೇಳು, ನಾನೂ ಪಕ್ಕದಲ್ಲಿ ಕೂತು ತಿಂದ ಹಾಗಿರಬೇಕು."

"ಅಯ್ಯೋ ಅಮ್ಮ, ನಾನು ಕಟ್ಟಡದ ಓದಿಗೆ ಹೋಗ್ತಿರೋದು, ತಿನ್ನೋ ಓದಿಗಲ್ಲ!"

"ಕಟ್ಟಡಾನೂ ಹೇಳು. ಊಟ ಮೊದಲು, ಕಟ್ಟಡ ಆಮೇಲೆ."

ಹುಡುಗಿ ಮಾತು ಉಳಿಸಿಕೊಂಡಳು. ಐದು ವರ್ಷ, ವಾರಕ್ಕೆ ಮೂರು ನಾಲ್ಕು ಸಲ, ಅವಳು ಹೇಳಿ ಕಳಿಸಿದ ದನಿ ಫೋನಿಗೆ ಬಂದು ಬೀಳುತ್ತಿತ್ತು. ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ ನಾವಿಬ್ಬರೂ ಮಣೆಯ ಮೇಲೆ ಕೂತು ಜೋರಾಗಿ ಹಾಕಿಕೊಳ್ಳುತ್ತಿದ್ದೆವು. ಬೂನ್ ಕೀಟ್ ಕಾಫಿ ಸೋಸುವುದನ್ನು ಬಿಟ್ಟು ಕಿವಿ ಉದ್ದ ಮಾಡುತ್ತಿದ್ದ.

"ಅಮ್ಮ, ಇವತ್ತು ಬೆಳಗ್ಗೆ ಐದೂವರೆಗೇ ಎದ್ದು ಹೋದೆ. ಸೂರ್ಯ ಹುಟ್ಟೋದ್ರೊಳಗೆ ಖಾಲಿ ಆಗತ್ತಂತೆ. ಹಸಿ ದನದ ಮಾಂಸ, ಈರುಳ್ಳಿ ಸಿಪ್ಪೆ ಇದೆಯಲ್ಲ ಅಷ್ಟು ತೆಳ್ಳಗೆ ಕತ್ತರಿಸಿ ಬಟ್ಟಲಲ್ಲಿ ಹರಡ್ತಾರೆ. ಮೇಲೆ ಕುದಿಯೋ ಸಾರು ಹುಯ್ದ ತಕ್ಷಣ ನನ್ನ ಕಣ್ಮುಂದೇನೇ ಕೆಂಪು ಹೋಗಿ ಗುಲಾಬಿ ಆಯ್ತು! ಶುಂಠಿ ಎಳೆ ಎಳೆಯಾಗಿ ಹೆಚ್ಚಿಟ್ಟಿರ್ತಾರೆ, ಅದ್ರ ಜೊತೆ ಒಂದು ತುತ್ತು..."

"ಥೂ, ದನದ ಮಾಂಸ!" ಎಂದೆ ನಾನು. ಗುವಾನ್ ಯಿನ್ ದೇವಿಗೆ ನಡೆದುಕೊಳ್ಳುವ ಮನೆ ನಮ್ಮದು, ಮುಟ್ಟುವುದಿಲ್ಲ.

"ಸುಮ್ನಿರಕ್ಕ, ಕೇಳೋದ್ರಲ್ಲಿ ಏನು ಪಾಪ? ದೇವಿ ಕಿವಿಗೆ ಪಥ್ಯ ಹೇಳಿಲ್ಲ" ಎಂದು ಗ್ವಾತ್ ಸಿಮ್ ಫೋನನ್ನು ಬಾಯಿಗೆ ಹಿಡಿದು, "ಉಪ್ಪು ಹೇಗಿತ್ತು ಮಗಳೇ? ಸಾರು ಮೂಳೇದಾ, ಬರೀ ಮಾಂಸದ್ದಾ? ಸರಿಯಾಗಿ ನೋಡ್ಕೊಂಡು ಹೇಳು" ಎಂದಳು. ಅವಳಿಗೆ ಅಷ್ಟು ಸುಖ ಬೇರೆ ಯಾವುದರಲ್ಲೂ ಇರಲಿಲ್ಲ.

ಕಳೆದ ಮಾರ್ಚ್‌ನಲ್ಲಿ ನಮ್ಮದೇ ಗಾಡಿಯ ಮೀನುಂಡೆ ಅವಳ ಗಂಟಲಲ್ಲಿ ಸಿಕ್ಕಿಕೊಂಡಿತು. ಬೆನ್ನಿಗೆ ಗುದ್ದಿದೆ, ನೀರು ಕುಡಿಸಿದೆ, ನೀರೂ ವಾಪಸು ಬಂತು. "ಗಬಗಬ ತಿಂತೀಯಲ್ಲ, ಯಾರಾದರೂ ಕಿತ್ಕೊಂಡು ಹೋಗ್ತಾರಾ?" ಎಂದು ಬೈದೆ. ಈಗ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳಬೇಕು ಅನಿಸುತ್ತದೆ. ಅನ್ನನಾಳದಲ್ಲಿ ಗಡ್ಡೆ, ಆಗಲೇ ಯಕೃತ್ತಿಗೂ ಹರಡಿತ್ತು. ಏಪ್ರಿಲ್ ಮಧ್ಯದಲ್ಲಿ ಹೊಟ್ಟೆಗೆ ತೂತು ಮಾಡಿ ನಳಿಗೆ ಇಟ್ಟರು. ದಿನಕ್ಕೆ ಐದು ಸಲ ಹಾಲಿನ ಬಣ್ಣದ ನೀರನ್ನು ನಾನು ಆ ನಳಿಗೆಗೆ ಬಿಡುತ್ತಿದ್ದೆ. ಅವಳು ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದಳು. ಮೂವತ್ತೊಂದು ವರ್ಷ ಊರಿಗೆಲ್ಲ ಬಡಿಸಿದ ಹೆಂಗಸು!

ಆಸ್ಪತ್ರೆಯಿಂದ ಬಂದ ದಿನವೇ ಅವಳು ನನ್ನನ್ನು ದೇವಿಯ ಪಟದ ಮುಂದೆ ನಿಲ್ಲಿಸಿದಳು.

"ಅಕ್ಕ, ಜೂನ್‌ನಲ್ಲಿ ಅವಳ ಕೊನೇ ಪರೀಕ್ಷೆ. ಅಲ್ಲೀವರೆಗೂ ಹೇಳಬಾರದು. ಆಣೆ ಇಡು."

"ಹುಚ್ಚು ಹಿಡಿದಿದೆಯೇನೇ ನಿಂಗೆ? ಗೊತ್ತಾದ್ರೆ ಆ ಮಗು ನನ್ನ ಸುಮ್ನೆ ಬಿಡತ್ತಾ?"

"ಗೊತ್ತಾದ್ರೆ ಓದು ಬಿಟ್ಟು ಬಂದು ಈ ನಳಿಗೆ ಹಿಡ್ಕೊಂಡು ಕೂರ್ತಾಳೆ. ಐದು ವರ್ಷ ಓದಿದ್ದು ನೀರಿಗೆ ಹೋಗತ್ತೆ. ನಿಂಗದು ಬೇಕಾ?"

ನಾನು ಆಣೆ ಇಟ್ಟೆ. ಮುಖ ನೋಡಿದರೆ ಹುಡುಗಿಗೆ ತಿಳಿದುಹೋಗುತ್ತದೆಂದು, ಫೋನು ಸಾರಿನ ಪಾತ್ರೆಗೆ ಬಿದ್ದು ಕ್ಯಾಮೆರಾ ಸತ್ತುಹೋಯಿತು ಎಂದು ಕಥೆ ಕಟ್ಟಿದವಳೂ ನಾನೇ. "ದೊಡ್ಡಮ್ಮ, ಹಾಗಾದ್ರೆ ಅವತ್ತು ಸಾರು ಚೀನಾ ಫೋನಿನ ರುಚಿ ಇತ್ತಾ?" ಎಂದು ನಕ್ಕಳು. ಗಂಟಲು ಒಡೆದಿದೆಯಲ್ಲ ಎಂದರೆ ಶೀತ, ಮಾತು ಕಡಿಮೆಯಾಗಿದೆಯಲ್ಲ ಎಂದರೆ ಗಾಡಿಯಲ್ಲಿ ರಶ್ಶು. ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ನನಗೆ ಗೊತ್ತೇ ಇರಲಿಲ್ಲ.

ಆದರೆ ಹುಡುಗಿಯ ದನಿ ಬರುವುದು ನಿಲ್ಲಲಿಲ್ಲ. ಇವಳಿಗೆ ಎಂಜಲು ನುಂಗಲೂ ಆಗುತ್ತಿಲ್ಲ. ಅವಳು ಅಲ್ಲಿಂದ ಸಿಗಡಿ ಸುರುಳಿ, ಕಬ್ಬಿನ ಹಾಲು, ಹಾಲುಮೀನಿನ ಹೊಟ್ಟೆ ಹಾಕಿದ ಗಂಜಿ ಎಂದು ಬಣ್ಣಿಸುತ್ತಿದ್ದಾಳೆ. ಮೊದಲ ದಿನ ನಾನು ಫೋನು ಕಿತ್ತುಕೊಂಡೆ.

"ಸಾಕು ಬಿಡು. ಇದನ್ನೆಲ್ಲ ಕೇಳಿ ಯಾಕೆ ಹೊಟ್ಟೆ ಉರಿಸ್ಕೋತೀಯ?"

"ಕೊಡು ಇಲ್ಲಿ. ಮೊದ್ಲು ನನ್ನ ಬಟ್ಟಲು ತಗೊಂಡು ಬಾ."

"ಯಾವ ಬಟ್ಟಲು?"

"ನೀಲಿ ಅಂಚಿಂದು. ಊಟದ ಕಡ್ಡೀನೂ ತಾ. ಬಟ್ಟಲಿಗೆ ಬಿಸಿನೀರು ಹಾಕು, ಮೇಲೆ ನಾಲ್ಕು ಎಸಳು ಈರುಳ್ಳಿ ಸೊಪ್ಪು."

ಅವಳಿಗೆ ಬುದ್ಧಿಭ್ರಮಣೆಯೇ ಆಯಿತು ಅಂದುಕೊಂಡೆ. ತಂದುಕೊಟ್ಟೆ. ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತು, ಬಟ್ಟಲನ್ನು ಎದೆಯ ಹತ್ತಿರ ಹಿಡಿದು, ಆವಿಗೆ ಮುಖ ಕೊಟ್ಟಳು. "ಈಗ ಹಾಕು" ಎಂದಳು. ಹುಡುಗಿಯ ದನಿ ಶುರುವಾಯಿತು. ಗ್ವಾತ್ ಸಿಮ್ ಕಣ್ಣು ಮುಚ್ಚಿಕೊಂಡಳು. ಹುಡುಗಿ ಒಂದು ತುತ್ತು ಎಂದಾಗ ಇವಳ ದವಡೆ ಆಡುತ್ತಿತ್ತು. ಮುಗಿದ ಮೇಲೆ ಕಡ್ಡಿಗಳನ್ನು ಬಟ್ಟಲಿನ ಮೇಲೆ ಜೋಡಿಸಿಟ್ಟು, ತುಟಿ ಒರೆಸಿಕೊಂಡು, ಫೋನಿಗೆ ಹೇಳಿದಳು: "ಚೆನ್ನಾಗಿತ್ತು ಮಗಳೇ. ಗಂಜಿಗೆ ಮೆಣಸಿನ ಪುಡಿ ಒಂಚೂರು ಜಾಸ್ತಿ ಹಾಕಬೇಕಿತ್ತು ಅಷ್ಟೇ."

ನಾನು ಹಿತ್ತಿಲಿಗೆ ಹೋಗಿ ಅತ್ತೆ. ಅವತ್ತಿನಿಂದ ದನಿ ಬಂದಾಗಲೆಲ್ಲ ಅದೇ ಊಟ. ನಳಿಗೆಯಲ್ಲಿ ಹೋಗುವುದನ್ನು ಅವಳು ಊಟ ಎಂದು ಕರೆಯಲೇ ಇಲ್ಲ, ಅದು ಔಷಧ. ಊಟ ಬರುತ್ತಿದ್ದದ್ದು ತೈನಾನಿನಿಂದ.

ಬೂನ್ ಕೀಟ್ ದಿನಾ ಮನೆಗೆ ಬಂದು ಕೊರೆಯುತ್ತಿದ್ದ. "ಅಕ್ಕ, ಮಗೀಗೆ ಹೇಳು. ಆಣೆಗೀಣೆ ಎಲ್ಲ ಆಮೇಲೆ ದೇವಿ ಹತ್ರ ನಾನು ಮಾತಾಡ್ಕೋತೀನಿ."

"ನೀನು ನಿನ್ನ ಕಾಫಿ ನೋಡ್ಕೋ. ದೇವಿ ನಿನ್ನ ಮಾತು ಕೇಳೋದಿದ್ರೆ ನಿನ್ನ ತಲೇಲಿ ಕೂದಲು ಇರ್ತಿತ್ತು."

ಜೂನ್ ಮೂರನೆಯ ವಾರ ಹುಡುಗಿ ಕೂಗುತ್ತಲೇ ಕರೆ ಮಾಡಿದಳು. ನಕ್ಷೆ ಒಪ್ಪಿಸಿದ್ದಾಯಿತು, ಪಾಸು! ಆಣೆ ಮುಗಿಯಿತು. ಈಗ ಹೇಳಿಬಿಡುತ್ತೇನೆ ಎಂದು ನಾನು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಅವಳೇ ಹೇಳಿದಳು: "ಅಮ್ಮ, ನಾವು ನಾಲ್ಕು ಜನ ಹುಡುಗೀರು ಎರಡು ವಾರ ಸುತ್ತೋಣ ಅಂತಿದೀವಿ. ಒಸಾಕಾ, ಆಮೇಲೆ ಹನೋಯ್, ಆಮೇಲೆ ಹ್ಯೂ. ಕೆಲಸಕ್ಕೆ ಸೇರಿದ್ಮೇಲೆ ಇನ್ನೆಲ್ಲಿ ಆಗತ್ತೆ? ಆದ್ರೆ ನಿಂಗೆ ಬೇಜಾರಾದ್ರೆ ಸೀದಾ ಮನೆಗೇ ಬರ್ತೀನಿ."

ಗ್ವಾತ್ ಸಿಮ್‌ಳ ಮುಖ ನೋಡಬೇಕಿತ್ತು. ಮೂಳೆಯಷ್ಟೇ ಉಳಿದಿದ್ದ ಮುಖದಲ್ಲಿ ಆ ಆಸೆ!

"ಹೋಗು, ಹೋಗು! ಒಸಾಕಾದಲ್ಲಿ ಏನು ತಿಂದೆ ಅಂತ ಅವತ್ತವತ್ತೇ ಹೇಳಬೇಕು, ನೆನಪಿರ್ಲಿ."

ಫೋನು ಇಟ್ಟ ಮೇಲೆ ನಾನು ಅವಳ ಮೇಲೆ ಹರಿಹಾಯ್ದೆ. ಅವಳು ಕೇಳಿದ್ದು ಒಂದೇ ಮಾತು. "ಅಕ್ಕ, ಅವಳು ಬಂದ್ರೆ ಮಾಡೋದೇನು? ನಾನು ಸಾಯೋದನ್ನ ನೋಡ್ತಾಳೆ. ಹೋದ್ರೆ, ನಾನೂ ಒಸಾಕಾ ನೋಡ್ತೀನಿ. ಇನ್ನೆರಡು ವಾರ ತಡ್ಕೋತೀನಿ ಬಿಡು." ಡಾಕ್ಟರೂ ತಿಂಗಳಿದೆ ಎಂದೇ ಹೇಳಿದ್ದರು. ನಾನು ನಂಬಿದೆ. ನಂಬಬೇಕೆಂದೇ ಇತ್ತು ನನಗೆ.

ಒಸಾಕಾದಿಂದ ಕೋಟೆಯ ಕಂದಕ ಬಂತು, ಕಾದ ಕಬ್ಬಿಣದ ಗುಳಿಗಳಲ್ಲಿ ಹಿಟ್ಟು ಹುಯ್ದು ಸೂಜಿಯಲ್ಲಿ ಗರಗರ ತಿರುಗಿಸುವ ಆಕ್ಟೋಪಸ್ ಉಂಡೆ ಬಂತು. "ಬಾಯಿಗೆ ಹಾಕ್ಕೊಂಡ್ರೆ ನಾಲಿಗೆ ಸುಟ್ಟೇ ಸುಡತ್ತೆ ಅಮ್ಮ, ಹಾ ಹಾ ಅಂತ ಬಾಯಿ ತೆರ್ಕೊಂಡೇ ತಿನ್ನಬೇಕು" ಎಂದಾಗ ಗ್ವಾತ್ ಸಿಮ್ ಬಾಯಿ ತೆರೆದು ಗಾಳಿ ಊದಿಕೊಂಡಳು. ಹನೋಯ್‌ನಿಂದ ರೈಲು ಹಳಿಗೆ ಅಂಟಿಕೊಂಡ ಮನೆಗಳು, ಕೆಂಡದಲ್ಲಿ ಸುಟ್ಟ ಹಂದಿಮಾಂಸ, ಮೊಟ್ಟೆಯ ನೊರೆ ಹಾಕಿದ ಕಾಫಿ. ಆ ಕಾಫಿಯ ವಿಷಯಕ್ಕೆ ಮಾತ್ರ ಬೂನ್ ಕೀಟ್ ಸಿಟ್ಟಾದ. "ಕಾಫಿಗೆ ಮೊಟ್ಟೆಯಂತೆ! ನಾಳೆ ಚಹಾಕ್ಕೆ ಮೀನು ಹಾಕ್ತಾರೆ." ಇವಳು ನಕ್ಕಳು. ಅವಳು ನಕ್ಕಿದ್ದು ಅದೇ ಕೊನೆ.

ಮರುದಿನ ಬಟ್ಟಲು ಹಿಡಿಯಲು ಕೈಗಳಿಗೆ ಶಕ್ತಿ ಇರಲಿಲ್ಲ, ನಾನೇ ಹಿಡಿದುಕೊಂಡೆ. ಮಾತಾಡಲು ಹೋದರೆ ಉಸಿರು ಮಾತ್ರ ಬರುತ್ತಿತ್ತು. ಆ ಸಂಜೆ ಹುಡುಗಿ ನೇರವಾಗಿ ಕರೆ ಮಾಡಿದಳು, ನಾನು ಎತ್ತಿಕೊಂಡೆ.

"ದೊಡ್ಡಮ್ಮ, ಅಮ್ಮ ಯಾಕೆ ಇವತ್ತು ಏನೂ ಹೇಳಲಿಲ್ಲ? ನಿಜ ಹೇಳು, ಹುಷಾರಾಗಿದಾಳಾ?"

"ಹುಷಾರಾಗಿದಾಳೆ. ಸುಸ್ತು."

"ಯಾಕೋ ಮನಸ್ಸಿಗೆ ಸರಿ ಹೋಗ್ತಿಲ್ಲ. ಇಲ್ಲಿಂದ ನಾಳೆ ಬೆಳಗ್ಗೆ ವಿಮಾನ ಇದೆ, ಸಾಯಂಕಾಲದ ಹೊತ್ತಿಗೆ ಮನೇಲಿರ್ತೀನಿ. ಇಲ್ಲಾಂದ್ರೆ ಹ್ಯೂಗೆ ಹೋಗಿ ಮೂರು ದಿನ ಬಿಟ್ಟು ಬರ್ತೀನಿ. ನೀನೇ ಹೇಳು. ಬರ್ಲಾ, ಹೋಗ್ಲಾ?"

ಆಗ ನನ್ನ ಮೇಲೆ ಯಾವ ಆಣೆಯೂ ಇರಲಿಲ್ಲ. ಪರೀಕ್ಷೆ ಮುಗಿದಿತ್ತು. ಬಾ ಎಂದರೆ ಸಾಕಿತ್ತು. ಹಾಸಿಗೆಯಿಂದ ತಂಗಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಡಿತದಲ್ಲಿ ಬಲವೇ ಇರಲಿಲ್ಲ, ಬಿಡಿಸಿಕೊಳ್ಳಬಹುದಿತ್ತು. ಅವಳು ತಲೆ ಅಲ್ಲಾಡಿಸುತ್ತಿದ್ದಳು, ಬೇಡ, ಬೇಡ. ತುಟಿ ಆಡಿಸಿ 'ಹ್ಯೂ' ಎಂದಳು.

"ಹೋಗು" ಎಂದೆ ನಾನು. "ಅಮ್ಮಂಗೆ ಊಟ ಆಯ್ತು, ಮಲಗಿದಾಳೆ."

ನನ್ನ ತಂಗಿ ಎರಡನೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಹೋದಳು. ನೀಲಿ ಅಂಚಿನ ಬಟ್ಟಲು ಪಕ್ಕದಲ್ಲಿತ್ತು. ಹ್ಯೂನಿಂದ ಇನ್ನೂ ಏನೂ ಬಂದಿರಲಿಲ್ಲ.

ತಾಯಿಯ ಪ್ರಾಣ ಹೋಗುವಾಗ ಹತ್ತಿರವಿಲ್ಲದ ಮಕ್ಕಳು ನಮ್ಮಲ್ಲಿ ನಡೆದು ಮನೆಯೊಳಗೆ ಬರುವಂತಿಲ್ಲ. ಬೀದಿಯಿಂದಲೇ ಮಂಡಿಯೂರಿ, ತೆವಳಿಕೊಂಡು ಶವಪೆಟ್ಟಿಗೆಯ ತನಕ ಬರಬೇಕು. ಮರುದಿನ ಸಂಜೆ ಯೀ ಲೆಂಗ್ ಟ್ಯಾಕ್ಸಿ ಇಳಿದಳು. ಹೂವಿನ ಚಿತ್ರದ ಪ್ರವಾಸದ ಅಂಗಿ, ಕುತ್ತಿಗೆಯಲ್ಲಿ ಹುಲ್ಲಿನ ಟೋಪಿ. ಬೆನ್ನಚೀಲ ಕೆಳಗೆ ಹಾಕಿ, ಡಾಂಬರಿನ ಮೇಲೆ ಮಂಡಿಯೂರಿದಳು. "ಬೇಡ ಮಗಳೇ, ನೀನು ತೆವಳಬೇಡ, ತಪ್ಪು ನಂದು" ಎಂದು ನಾನು ಓಡಿದೆ. ಅವಳು ನನ್ನ ಕೈ ತಳ್ಳಿದಳು. ಹನ್ನೆರಡು ಮಾರು ದೂರ. ಮಂಡಿಯ ಚರ್ಮ ಕಿತ್ತು ರಕ್ತ ಹೊಸ್ತಿಲಿಗೆ ಹತ್ತಿತು. ಅವಳ ಬದಲು ನಾನೇ ತೆವಳಬೇಕಿತ್ತು. ಆದರೆ ದೊಡ್ಡವರು ಚಿಕ್ಕವರ ಪೆಟ್ಟಿಗೆಯ ಮುಂದೆ ಮಂಡಿಯೂರುವಂತಿಲ್ಲ ಎಂದು ಪುರೋಹಿತ ನನ್ನ ರಟ್ಟೆ ಹಿಡಿದು ನಿಲ್ಲಿಸಿದ.

ಮಣ್ಣು ಮಾಡಿದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ. ಮಾರ್ಚ್, ನಳಿಗೆ, ಎಂಬತ್ತೆರಡು ದಿನ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಕೂಗಾಟಕ್ಕೆ ಉತ್ತರ ಕೊಡುವುದು ನನಗೆ ಬರುತ್ತದೆ.

"ಅಂದ್ರೆ ಗಂಟಲು ಮುಚ್ಚಿಹೋಗಿರೋ ಹೆಂಗಸಿಗೆ ನಾನು ದಿನಾ ಊಟದ ಕಥೆ ಹೇಳ್ತಿದ್ದೆ" ಎಂದಳು. "ಹಸಿದಿರೋಳ ಮುಂದೆ ಕೂರಿಸಿ ನಂಗೆ ತಿನ್ನಿಸಿದೆಯಲ್ಲ ದೊಡ್ಡಮ್ಮ. ನಂಗೆ ಗೊತ್ತಿರಲಿಲ್ಲ. ನಿಂಗೆ ಗೊತ್ತಿತ್ತು."

"ಹಾಗಲ್ಲ ಕಣೇ, ಅವಳು ಅದನ್ನ..."

"ಸಾಕು. ನೀನು ಏನು ಹೇಳಿದ್ರೂ ನಂಬೋಕೆ ನನ್ನ ಕೈಲಿ ಆಗಲ್ಲ."

ಬಟ್ಟಲಿನ ಮಾತು ನನ್ನ ಗಂಟಲಲ್ಲೇ ಉಳಿಯಿತು. ಆಮೇಲೆ ಅವಳು ಕೆಲಸ ಹುಡುಕಲಿಲ್ಲ, ತೈವಾನಿಗೆ ಹೋಗಲಿಲ್ಲ. ಬೆಳಗ್ಗೆ ಎದ್ದು ಬಂದು ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಸಾರು ನೋಡಿಕೊಳ್ಳುತ್ತಿದ್ದಳು. ಹೂಂ, ಉಹೂಂ ಬಿಟ್ಟರೆ ನನ್ನ ಹತ್ತಿರ ಮಾತಿಲ್ಲ. ಊರೂರಿನ ಅಡುಗೆ ತಿಂದ ಹುಡುಗಿ ಉಪ್ಪಿಲ್ಲದ ಬಿಳಿ ಗಂಜಿ ಬಿಟ್ಟು ಏನನ್ನೂ ಮುಟ್ಟಲಿಲ್ಲ. ಗಿರಾಕಿಗಳು ಚೆನ್ನಾಗಿದೆ ಎಂದರೆ ಅತ್ತ ತಿರುಗಿಬಿಡುತ್ತಿದ್ದಳು. ಮೂರು ತಿಂಗಳಲ್ಲಿ ಅಂಗಿಗಳೆಲ್ಲ ಅವಳ ಮೈಮೇಲೆ ಜೋತಾಡತೊಡಗಿದವು. ಒಂದು ಹೆಣ ಹೊತ್ತದ್ದಾಯಿತು, ಈ ಮಗುವನ್ನೂ ಕಳೆದುಕೊಳ್ಳುತ್ತೇನೆಯೇ ಎಂಬ ಭಯ ನನಗೆ ಹತ್ತಿತು.

ತಂಗಿ ಹೋಗಿ ನೂರನೆಯ ದಿನ ಬಂತು. ಮಧ್ಯಾಹ್ನ ಎಡೆ ಇಟ್ಟೆವು. ಇಡೀ ಕೋಳಿ, ಹಂದಿಮಾಂಸದ ತುಂಡು, ಹುರಿದ ಮೀನು, ನಮ್ಮ ಗಾಡಿಯ ಶಾವಿಗೆ ಸಾರು, ಕಿತ್ತಳೆ, ಮೂರು ಲೋಟ ಚಹಾ. ಬೂನ್ ಕೀಟ್ ಅಂಗಡಿ ಮುಚ್ಚಿ ಬಂದಿದ್ದ. ಊದುಬತ್ತಿ ಅರ್ಧ ಉರಿದ ಮೇಲೆ ಎರಡು ನಾಣ್ಯ ತಟ್ಟೆಗೆ ಎಸೆದು ಹೋದವರನ್ನು ಕೇಳಬೇಕು, ಊಟ ಆಯಿತೇ ಎಂದು. ಒಂದು ತಲೆ ಒಂದು ಬಾಲ ಬಿದ್ದರೆ ಆಯಿತು ಎಂದರ್ಥ, ಎಡೆ ಎತ್ತಬಹುದು. ಎರಡೂ ಒಂದೇ ಥರ ಬಿದ್ದರೆ ಇನ್ನೂ ಇಲ್ಲ.

ನಾನು ಎಸೆದೆ. "ಗ್ವಾತ್ ಸಿಮ್, ಊಟ ಆಯ್ತೇನೇ?"

ಎರಡೂ ತಲೆ.

"ನಿಧಾನ ತಿನ್ನೋಳು ಅವಳು" ಎಂದ ಬೂನ್ ಕೀಟ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಸೆದೆ. ಎರಡೂ ಬಾಲ. ಮೂರನೆಯ ಸಲ, ಎರಡೂ ಬಾಲ.

"ಕಾಫಿ ಇಲ್ಲ, ಅದಕ್ಕೇ!" ಎಂದು ಅವನು ಎದ್ದು ಹೋಗಿ ಗಟ್ಟಿ ಕಾಫಿ ಮಾಡಿ ತಂದಿಟ್ಟ. "ಮೊಟ್ಟೆ ಹಾಕಿಲ್ಲ ಕಣಮ್ಮ, ಕುಡಿ." ಎಸೆದೆ. ಎರಡೂ ತಲೆ. ಊದುಬತ್ತಿ ಕಡ್ಡಿಯ ತನಕ ಬಂದಿತ್ತು. ಯೀ ಲೆಂಗ್ ಅಡುಗೆಮನೆಯ ಬಾಗಿಲಿಗೆ ಒರಗಿ ನಾಣ್ಯಗಳನ್ನೇ ನೋಡುತ್ತಿದ್ದಳು.

ನನಗೆ ಆಗ ಹೊಳೆಯಿತು. ಇಷ್ಟು ಹೊತ್ತು ಹೊಳೆಯದಿದ್ದ ನನ್ನ ತಲೆಗೆ ಬೆಂಕಿ ಹಾಕಬೇಕು. ಕಪಾಟಿನಿಂದ ನೀಲಿ ಅಂಚಿನ ಬಟ್ಟಲು ತೆಗೆದೆ, ಬಿಸಿನೀರು ಹಾಕಿದೆ, ನಾಲ್ಕು ಎಸಳು ಈರುಳ್ಳಿ ಸೊಪ್ಪು ಹೆಚ್ಚಿ ತೇಲಿಸಿದೆ, ಕಡ್ಡಿ ಇಟ್ಟೆ.

"ಏನಿದು?" ಎಂದಳು ಹುಡುಗಿ. ಮೂರು ತಿಂಗಳಲ್ಲಿ ಅವಳಾಗಿ ನನ್ನನ್ನು ಕೇಳಿದ ಮೊದಲ ಮಾತು.

"ನಿನ್ನಮ್ಮ ಉಂಡಿದ್ದು ಇದ್ರಲ್ಲಿ. ಎಂಬತ್ತೆರಡು ದಿನ. ನಿನ್ನ ದನಿ ಬಂದ ತಕ್ಷಣ ಬಟ್ಟಲು ತಾ ಅನ್ನೋಳು. ಈ ಆವಿಗೆ ಮುಖ ಕೊಟ್ಕೊಂಡು, ಕಣ್ಣು ಮುಚ್ಕೊಂಡು, ನೀನು ಹೇಳಿದ್ದನ್ನೆಲ್ಲ ಅಗೀತಿದ್ಲು. ನಂಬು, ಬಿಡು. ಈ ಬೂನ್ ಕೀಟ್‌ನ ಕೇಳು ಬೇಕಾದ್ರೆ."

ಬೂನ್ ಕೀಟ್ ಬೋಳುತಲೆ ತಗ್ಗಿಸಿಕೊಂಡು, "ನಾನು ಕಣ್ಣಾರೆ ನೋಡಿದೀನಿ ಮಗಳೇ" ಎಂದ.

"ಹ್ಯೂನಲ್ಲಿ ನೀನು ತಿಂದಿದ್ದು ಅವಳಿಗೆ ಬಂದು ಮುಟ್ಟಲಿಲ್ಲ. ಅದಕ್ಕೇ ಕಾಯ್ತಿದಾಳೆ" ಎಂದೆ. "ಹೇಳೇ. ನಂಗಲ್ಲ, ಅವಳಿಗೆ ಹೇಳು."

ಬಟ್ಟಲಿನ ನೀರು ಆರಿತು, ನಾನು ಬದಲಿಸಿ ಮತ್ತೆ ಬಿಸಿನೀರು ಹಾಕಿದೆ. ಆಮೇಲೆ ಯೀ ಲೆಂಗ್ ಬಂದು ಎಡೆಯ ಮುಂದೆ ಕೂತಳು.

"ಅಮ್ಮ" ಎಂದಳು. ಕೆಮ್ಮಿ ದನಿ ಸರಿಮಾಡಿಕೊಂಡಳು. "ಅಮ್ಮ, ಹ್ಯೂನಲ್ಲಿ ಒಂದು ನದಿ ಇದೆ, ಹಸಿರು ನೀರು. ಅವತ್ತು ಬೆಳಗ್ಗೆ ಅಲ್ಲಿ ಒಬ್ಬ ರಾಜನ ಸಮಾಧಿ ನೋಡಿದೆ. ಬದುಕಿರೋವಾಗ್ಲೇ ಕಟ್ಟಿಸ್ಕೊಂಡು, ಅಲ್ಲೇ ಕೊಳದ ದಂಡೇಲಿ ಮಂಟಪದಲ್ಲಿ ಕೂತು ಗಾಳಿ ತಗೋತಿದ್ನಂತೆ. ತಾವರೆ ತುಂಬಾ ಇತ್ತು. ಕಂಬ ಎಲ್ಲ ಮರದ್ದು, ಕೈಯಿಟ್ರೆ ತಣ್ಣಗಿತ್ತು. ನಿಂಗೆ ಊಟ ಮೊದಲು ಅಲ್ವಾ, ಸರಿ. ಮಧ್ಯಾಹ್ನದ ಊಟಕ್ಕೆ ಬೇಗನೇ ಒಂದು ಅಜ್ಜಿ ಅಂಗಡಿಗೆ ಹೋದ್ವಿ. ಪುಟ್ಟ ಪುಟ್ಟ ಪಿಂಗಾಣಿ ತಟ್ಟೆ ಅಮ್ಮ, ಅಂಗೈಲಿ ಎರಡು ಹಿಡಿಸ್ತವೆ. ತಟ್ಟೆಗೊಂದು ಕಡುಬು, ಅಕ್ಕಿಹಿಟ್ಟನ್ನ ಆವಿಯಲ್ಲಿ ಬೇಯಿಸಿದ್ದು. ನಮ್ಮ ಬೀದಿ ತಮಿಳರ ಇಡ್ಲಿ ಇದೆಯಲ್ಲ, ಅದಕ್ಕಿಂತ ತೆಳ್ಳಗೆ, ನುಣ್ಣಗೆ. ಮೇಲೆ ಒಣಸಿಗಡಿ ಪುಡಿ, ಕರುಂಕುರುಂ ಅನ್ನೋ ಕೊಬ್ಬಿನ ತುಣುಕು. ಮೀನಿನ ರಸ ಒಂದು ಚಮಚ ಹಾಕಿ, ಅದೇ ಚಮಚದಲ್ಲಿ ಅಂಚು ಬಿಡಿಸಿ, ಒಂದೇ ಸಲಕ್ಕೆ ಬಾಯಿಗೆ. ಅಗಿಯೋದೇ ಬೇಡ. ಹಾಗೇ ಜಾರಿಹೋಗತ್ತೆ. ನುಂಗೋಕೆ ಏನೂ..."

ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಈ ಸಲ ತಳ್ಳಲಿಲ್ಲ.

"ಉಪ್ಪು ಸರಿಯಾಗಿತ್ತು" ಎಂದಳು. "ನಾನು ಹನ್ನೊಂದು ತಟ್ಟೆ ತಿಂದೆ. ಗಡಿಯಾರ ನೋಡಿದ್ದೆ, ಹನ್ನೊಂದೂವರೆ. ಇಲ್ಲಿ ಆಗ ಹನ್ನೆರಡೂವರೆ. ಹನ್ನೆರಡನೇದು ನಿಂಗೆ ಅಂತ ಬಿಟ್ಟು, ನಿಂಗೆ ಹೇಳೋಣ ಅಂತ ಫೋನು ತೆಗೆದೆ."

ಬೂನ್ ಕೀಟ್ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡ. ನಾನು ನಾಣ್ಯಗಳನ್ನು ಕೈಗೆ ತೆಗೆದುಕೊಂಡೆ.

"ಗ್ವಾತ್ ಸಿಮ್, ಮಗಳು ಹೇಳಿದ್ದು ಕೇಳಿಸ್ತಲ್ಲ. ಊಟ ಆಯ್ತಾ?"

ಒಂದು ತಲೆ, ಒಂದು ಬಾಲ.

"ಆಯ್ತಂತೆ! ಆಯ್ತಂತೆ ಕಣ್ರೀ!" ಎಂದು ಬೂನ್ ಕೀಟ್ ಕೂಗಿದ. ನನಗೂ ನೂರು ದಿನದ ಉಸಿರು ಒಟ್ಟಿಗೆ ಬಿಟ್ಟಂತಾಯಿತು. ಎಡೆ ಎತ್ತಲು ಕೋಳಿಯ ತಟ್ಟೆಗೆ ಕೈ ಹಾಕಿದೆ.

ಯೀ ಲೆಂಗ್ ನಾಣ್ಯಗಳನ್ನು ನೋಡುತ್ತ ಕೂತೇ ಇದ್ದಳು.

"ಅವಳು ಯಾವಾಗ್ಲೂ ಇದನ್ನೇ ಹೇಳೋದು ಅಲ್ವಾ ದೊಡ್ಡಮ್ಮ" ಎಂದಳು.

ನನ್ನ ಕೈ ತಟ್ಟೆಯ ಮೇಲೇ ನಿಂತಿತು.

"ಇನ್ನೊಂದ್ಸಲ ಕೇಳು. ಈ ಸಲ ನಿಜ ಹೇಳು ಅಂತ ಕೇಳು."

ಒಮ್ಮೆ ಆಯಿತು ಎಂದ ಮೇಲೆ ಮತ್ತೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ನಾಣ್ಯಗಳನ್ನು ಎತ್ತಿಕೊಂಡೆ, ಮುಷ್ಟಿ ಕಟ್ಟಿದೆ. ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಎಸೆಯಲು ನನಗೆ ಧೈರ್ಯ ಬರಲಿಲ್ಲ.